ನಾನು ಮುಟ್ಟದ ಮೂಗು

ಮಾಮಾ, ನಾನು ಆ ರೈಲನ್ನು ಮುಟ್ಟಿರಲಿಲ್ಲ. ಮುಟ್ಟುವುದಿರಲಿ, ನೋಡಲಿಕ್ಕೂ ಹೋಗಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಜಪಾನಿನಿಂದ ಬಂದವಳು ಬ್ಯಾಡಗಿಯ ನಿಮ್ಮ ಪಡಸಾಲೆಯಲ್ಲಿ ಕುಳಿತು, ನಿಮ್ಮ ಕೈಗೆ ನನ್ನ ಕೈ ಕೊಟ್ಟು ಹೇಳಿದ್ದೆಲ್ಲ ಸುಳ್ಳು. ಆ ಸುಳ್ಳನ್ನು ನಂಬಿ ನೀವು ಉಳಿ ಎತ್ತಿಕೊಂಡಿರಿ. ನಾನು ಪಕ್ಕದಲ್ಲೇ ಕುಳಿತು ನೋಡಿದೆ — ತಡೆಯಲಿಲ್ಲ.

ಇದನ್ನು ಬರೆಯಲು ಎರಡು ಸಲ ಕೂತು ಎದ್ದಿದ್ದೇನೆ. ಮೊದಲ ಸಲ ಬರೆದದ್ದು ಕಚೇರಿಗೆ ಕೊಡುವ ರಜೆ ಅರ್ಜಿಯ ಹಾಗಿತ್ತು. ಎರಡನೇ ಸಲ ನನ್ನ ಪರವಾಗಿ ನಾನೇ ವಕೀಲಿ ಮಾಡಿದ್ದೆ. ಎರಡನ್ನೂ ಹರಿದು ಹಾಕಿದೆ. ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸುಳ್ಳು ಎಲ್ಲಿ ಸೇರಿತು ಎಂದು ತೋರಿಸಬೇಕಾದರೆ ನಿಜವಿದ್ದದ್ದನ್ನೂ ಅದರ ಪಕ್ಕದಲ್ಲಿ ಇಡಬೇಕಲ್ಲ.

ಎಲ್ಲ ಶುರುವಾದದ್ದು ಒಂದು ಕ್ಯಾಲೆಂಡರಿನಿಂದ. ಯಾರೋ ಮೆಣಸಿನಕಾಯಿ ವ್ಯಾಪಾರಿ ನಿಮಗೆ ಕೊಟ್ಟದ್ದು. ಹಿಂದೆ ಹಿಮದ ಬೆಟ್ಟ, ಮುಂದೆ ಬೂದು ಮೈಗೆ ನೀಲಿ ಪಟ್ಟೆಯ ಜಪಾನಿನ ರೈಲು ಗಾಡಿ, ಅದಕ್ಕೊಂದು ಉದ್ದ ಮೂಗು. ವರ್ಷ ಮುಗಿದರೂ ನೀವು ಆ ಹಾಳೆಯನ್ನು ಗೋಡೆಯಿಂದ ತೆಗೆಯಲಿಲ್ಲ. ಆಗ ನಾನು ನಿಮ್ಮ ಓಣಿ ಬಿಟ್ಟು ಹಾವೇರಿಯಲ್ಲಿ ಮನೆ ಮಾಡಿ, ರಾಣೆಬೆನ್ನೂರಿನ ಬೀಜ ಕಂಪನಿಗೆ ಹೊಸದಾಗಿ ಸೇರಿದ್ದೆ. ಭಾನುವಾರ ನಿಮ್ಮ ಮನೆಗೆ ಬಂದರೆ ಪೇಪರು ಓದಿ ಹೇಳುವ ಕೆಲಸ ನನ್ನದು. ಒಂದು ವಾರ ಅದೇ ಗಾಡಿಯ ಬಗ್ಗೆ ಲೇಖನ ಬಂದಿತ್ತು. ನೀವು ಕೆಲಸ ನಿಲ್ಲಿಸಿ ನನ್ನ ಮುಂದೆ ಬಂದು ಕುಳಿತಿರಿ.

ಅದಕ್ಕಿಂತ ಮುಂಚಿನ ವೇಗದ ಗಾಡಿಗಳು ಸುರಂಗಕ್ಕೆ ನುಗ್ಗಿದರೆ ಒಳಗಿನ ಗಾಳಿ ಮುಂದೆ ಮುಂದೆ ಒತ್ತಿಕೊಂಡು ಹೋಗಿ, ಆ ಕಡೆಯ ಬಾಯಿಂದ ತೋಪು ಹಾರಿಸಿದ ಹಾಗೆ ಹೊರಬೀಳುತ್ತಿತ್ತಂತೆ. ಸುರಂಗದ ಬಾಯಿಯ ಹತ್ತಿರ ಮನೆ ಇದ್ದವರು ಬೆಚ್ಚಿ ಬೀಳುತ್ತಿದ್ದರಂತೆ. ಗಾಡಿಯ ವಿನ್ಯಾಸ ಮಾಡುವವರಲ್ಲಿ ಒಬ್ಬರಿಗೆ ಹಕ್ಕಿ ನೋಡುವ ಹುಚ್ಚು. ಮಿಂಚುಳ್ಳಿ ಗಾಳಿಯಿಂದ ನೀರಿಗೆ ಬೀಳುವಾಗ ನೀರು ಸಿಡಿಯುವುದಿಲ್ಲ ಎಂಬುದು ಅವರಿಗೆ ಹೊಳೆಯಿತು. ಅದರ ಕೊಕ್ಕಿನ ಹಾಗೆ ಹದಿನೈದು ಮೀಟರ್ ಉದ್ದದ ಮೂಗು ಮಾಡಿದರು. ಮೇಲಿನ ತಂತಿಯಿಂದ ಕರೆಂಟು ಎಳೆಯುವ ತೋಳಿಗೆ ಗೂಬೆಯ ರೆಕ್ಕೆಯಿಂದ ಪಾಠ ಕಲಿತರು, ಅದೂ ಸದ್ದು ಮಾಡಬಾರದು ಎಂದು.

"ಗೂಗಿ ಕಡಿಂದ ಕಲಿತಾರಂತ, ಕೇಳಿದೇನ ಗಂಗಾ?" ಎಂದು ನೀವು ಒಳಗಿದ್ದ ಗಂಗವ್ವತ್ತೆಗೆ ಕೂಗಿ ಹೇಳಿ ಎಷ್ಟು ನಕ್ಕಿರಿ! ಆಮೇಲೆ ನಗು ನಿಲ್ಲಿಸಿ, "ನಮ್ಮಪ್ಪ ಎತ್ತಿನ ಚಕ್ಕಡಿ ಮಾಡಿದ, ನಾನೂ ಮಾಡಿದೆ. ಈಗ ಚಕ್ಕಡಿ ಕೇಳವ್ರಿಲ್ಲ. ಇದೊಂದು ಚಕ್ಕಡಿ ಮಾಡೇ ಕೈ ತೊಳಕೋತೇನಿ," ಅಂದಿರಿ.

ಮುಂದಿನ ವಾರವೇ ನಾವು ಮೂವರೂ ಗುತ್ತಲದ ಬಸ್ಸು ಹಿಡಿದು ಗಳಗನಾಥಕ್ಕೆ ಹೋದೆವು. ಗಂಗವ್ವತ್ತೆ ರೊಟ್ಟಿ ಬುತ್ತಿ ಕಟ್ಟಿದ್ದಳು. ದೇವರಿಗೆ ಕೈ ಮುಗಿದು ಬರುತ್ತೇವೆ ಎಂದೇ ಅವಳು ತಿಳಿದಿದ್ದಳು. ನೀವು ಗುಡಿಯ ಕಡೆ ತಿರುಗಿಯೂ ನೋಡದೆ ಸಂಗಮದ ದಂಡೆಗೆ ಇಳಿದಿರಿ. ಮುಂಜಾನೆಯಿಂದ ಸಂಜೆ ಐದರವರೆಗೆ ಒಂದೇ ಮಿಂಚುಳ್ಳಿ. ಅದು ಬಿದ್ದಾಗಲೆಲ್ಲ ನನ್ನ ಮೊಣಕೈ ಹಿಡಿದು, "ನೀರು ಒಡೀಲಿಲ್ಲ, ನೋಡಿದೇನು? ಒಡೀಲಿಲ್ಲ," ಎನ್ನುತ್ತಿದ್ದಿರಿ. ಆಗಲೇ ನಿಮ್ಮ ಕಣ್ಣು ಕೈಕೊಡಲು ಶುರುಮಾಡಿತ್ತು — ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ ಎಂದು ಬರುವಾಗ ಬಸ್ಸಿನಲ್ಲಿ ಹೇಳಿದಿರಿ.

ನಿಮ್ಮ ಮರದ ಗಾಡಿಯಲ್ಲಿ ಮೂಗೊಂದನ್ನೇ ನೀವು ಎಂಟು ತಿಂಗಳು ಕೆತ್ತಿದಿರಿ. ಒಂದೇ ಸಾಗವಾನಿ ತುಂಡು, ಎರಡು ಮೊಳ ಉದ್ದ. ಕ್ಯಾಲೆಂಡರು ಮಸುಕಾಗುತ್ತ ಬಂದಿತ್ತು, ನಿಮ್ಮ ಕಣ್ಣೂ ಕೂಡ. ಆದರೆ ಕೈ ಆ ಹಕ್ಕಿಯನ್ನು ಮರೆತಿರಲಿಲ್ಲ. ಮುಗಿದ ದಿನ ನನಗೆ ಕಣ್ಣು ಮುಚ್ಚಲು ಹೇಳಿ ಅಂಗೈಯನ್ನು ಅದರ ನೆತ್ತಿಯ ಮೇಲೆ ಇಟ್ಟಿರಿ. ಕೈ ತಾನೇ ಜಾರಿತು. ಮರ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ.

ಅದೇ ವರ್ಷ ಕಂಪನಿ ನಮ್ಮನ್ನು ಆರು ಜನರನ್ನು ಮೂರು ವಾರದ ತರಬೇತಿಗೆ ಜಪಾನಿಗೆ ಕಳಿಸಿತು. ನೀವು ಕೇಳಿದ್ದು ಇಷ್ಟೇ: "ನನಗೇನೂ ತರಬ್ಯಾಡವಾ. ಅದರ ಮೂಗು ಮುಟ್ಟಿ ಬಾ. ನನ್ನ ಕೈ ಸರಿ ಐತೋ ಇಲ್ಲೋ ಅಷ್ಟ ತಿಳೀಬೇಕು."

ಆ ಹೊತ್ತಿಗೆ ಗಾಡಿಯ ದರ್ಬಾರು ಮುಗಿದಿತ್ತು. ಕಟ್ಟಿದ್ದೇ ಒಂಬತ್ತು. ದುಬಾರಿ ಬಿತ್ತು, ದುಂಡು ಮೈಯಿಂದಾಗಿ ಒಳಗೆ ಇಕ್ಕಟ್ಟು ಎಂದು ಹೊಸ ಮಾದರಿಗಳನ್ನು ತಂದು, ಇದರ ಹದಿನಾರು ಬೋಗಿಯನ್ನು ಎಂಟಕ್ಕೆ ಇಳಿಸಿ, ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಓಡಾಟಕ್ಕೆ ಹಚ್ಚಿದ್ದರು. ಮೊದಲು ಅದು ಓಡುತ್ತಿದ್ದ ಸೇವೆಯ ಹೆಸರಿಗೆ ಆಸೆ ಎಂದು ಅರ್ಥವಂತೆ, ಆಮೇಲಿನದಕ್ಕೆ ಪ್ರತಿಧ್ವನಿ. ನಾನು ಅದನ್ನು ಓದಿ ಹೇಳಿದಾಗ ನೀವು, "ಮುದಿ ಎತ್ತಿಗೆ ಹಗೂರ ಗಳೇ ಹೂಡಿದಂಗ ಆತು ಬಿಡು," ಎಂದಿರಿ.

ಅಲ್ಲಿ ನಮಗೆ ಸಿಕ್ಕಿದ್ದು ಒಂದೇ ಭಾನುವಾರ. ಯಾವ ನಿಲ್ದಾಣ, ಯಾವ ಹೊತ್ತು, ಎಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ. ಬೆಳಿಗ್ಗೆ ತಿಂಡಿಗೆ ಕೂತಾಗ ಜೊತೆಯವಳು ಎಲ್ಲಿಗೆ ಹೊರಟಿ ಎಂದಳು. ರೈಲು ನೋಡಾಕ, ಅಂದೆ.

"ಯಾಕ, ನಿಮ್ಮ ಬ್ಯಾಡಗ್ಯಾಗ ರೈಲಿಲ್ಲೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟಕ್ಕೇ ಬಿಟ್ಟಿದ್ದರೆ — ಇಲ್ಲ, ಬಿಡಲಿಲ್ಲ. ಅವರ ನಗುವಿಗೆ ಇನ್ನಷ್ಟು ಸೇರಿಸೋಣ ಎಂದು ನಾನೇ ಅಂದೆ: "ನನಗಲ್ಲವಾ, ನಮ್ಮ ಓಣ್ಯಾಗ ಒಬ್ಬ ಹುಚ್ಚ ಬಡಿಗ್ಯಾ ಅದಾನ, ಅವಗ ಬೇಕಂತ."

ಹತ್ತು ವರ್ಷದವಳಿದ್ದಾಗ ನನ್ನ ಕೈಗೆ ಉಳಿ ಕೊಟ್ಟು, ಬೆರಳನ್ನು ಹೇಗೆ ಹಗುರ ಇಡಬೇಕು ಎಂದು ಕಲಿಸಿದವರನ್ನು ಕುರಿತು ಹೀಗೆ ಹೇಳಿದೆ. ರಾಣೆಬೆನ್ನೂರಿನ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ನನ್ನನ್ನು ಕರೆದದ್ದೇ ಆ ಬೆರಳಿಗಾಗಿ. ಮೊಗ್ಗು ಬಿಡಿಸಿ, ಒಳಗಿನ ಗಂಡು ಕೇಸರಗಳನ್ನೆಲ್ಲ ಚಿಮಟಿಗೆಯಿಂದ ತೆಗೆದು, ಬೇರೆ ಗಿಡದ ಪರಾಗ ಹಚ್ಚಬೇಕು. ಒಂದೇ ಒಂದು ಕೇಸರ ಉಳಿದರೂ ಆ ಬೀಜ ಸುಳ್ಳಾಗುತ್ತದೆ. ನೋಡಲಿಕ್ಕೆ ಮಾತ್ರ ಒಳ್ಳೆ ಬೀಜದ ಹಾಗೇ ಇರುತ್ತದೆ. ಬಿತ್ತಿ ಬೆಳೆದ ಮೇಲೇ ಗೊತ್ತಾಗುವುದು.

ಅವತ್ತು ಅವರ ಜೊತೆ ಅಂಗಡಿ ಸುತ್ತಿದೆ. ಮಧ್ಯಾಹ್ನದ ಮೇಲೆ ಒಂದು ಕಬ್ಬಿಣದ ಅಂಗಡಿಯಲ್ಲಿ ನಿಮಗೆ ಉಳಿ ಕೊಂಡೆ. ಏನೂ ತರಬೇಡ ಎಂದವರಿಗೆ ಉಳಿ ತಂದೆ, ಮುಟ್ಟಿ ಬಾ ಎಂದದ್ದನ್ನು ಮುಟ್ಟದೆ ಬಂದೆ.

ವಾಪಸು ಬಂದ ಭಾನುವಾರ ನಿಮ್ಮ ಮನೆಗೆ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಹೊರಗೆ ಮೆಣಸಿನಕಾಯಿ ಘಾಟು, ಓಣಿಯೆಲ್ಲ ಸೀನು. ಗಂಗವ್ವತ್ತೆ ಚಹಾಕ್ಕೆ ಇಟ್ಟಿದ್ದಳು. ಆ ಮೂರು ವಾರದಲ್ಲಿ ನಿಮಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದಾಗಿತ್ತು. ನನ್ನ ಹೆಜ್ಜೆ ಗುರುತಿಸಿ ಎದ್ದು ನಿಂತಿರಿ.

"ಮುಟ್ಟಿ ಬಂದೀಯೇನು?"

ಇಲ್ಲ ಎನ್ನಬೇಕೆಂದೇ ಬಂದಿದ್ದೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಉರುಳಿಸುತ್ತ ಬಂದಿದ್ದೆ. ಆದರೆ ನಿಮ್ಮ ಮುಖ —

"ಮುಟ್ಟೇನ್ರಿ ಮಾಮಾ."

"ಹಂಗಾರ ಬಾಯಿ ಮಾತು ಬ್ಯಾಡ. ಕೈ ಕೊಡು. ನಿನ್ನ ಕೈ ಸುಳ್ಳು ಹೇಳಂಗಿಲ್ಲ."

ನನ್ನ ಅಂಗೈಯನ್ನು ಮರದ ಮೂಗಿನ ಮೇಲಿಟ್ಟು, ಅದರ ಮೇಲೆ ನಿಮ್ಮ ಅಂಗೈ ಇಟ್ಟಿರಿ. ನಿಧಾನ ಜಾರಿಸುತ್ತ, "ಹಿಂಗ ಐತೇನು? ಇಲ್ಲಿ? ಇಲ್ಲಿ?" ಎಂದು ಕೇಳುತ್ತ ಹೋದಿರಿ. ಹೌದ್ರಿ, ಹೌದ್ರಿ ಎಂದೆ. ಎಲ್ಲಾ ಹೌದು ಅಂದರೆ ನಂಬುವುದಿಲ್ಲ ಎಂಬ ಹೆದರಿಕೆ ಹುಟ್ಟಿತು. ಸುಳ್ಳು ಹೇಳುವವಳಿಗೆ ಒಂದು ಸಣ್ಣ ಕೊರತೆ ಬೇಕಾಗುತ್ತದೆ, ನಿಜವಾಗಿ ಹೋಗಿ ಬಂದವಳ ಹಾಗೆ ಕಾಣಿಸಲು. ಮೂಗಿನ ತಳಭಾಗಕ್ಕೆ ಕೈ ಬಂದಾಗ ತಡೆದೆ.

"ಇಲ್ಲಿ ಒಂದೀಟು ಚಪ್ಪಟೆ ಐತ್ರಿ."

ನಿಮ್ಮ ಕೈ ನನ್ನ ಕೈಯ ಮೇಲೆ ನಿಂತಿತು. ಅದೇ ಗಳಿಗೆಗೆ — ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ — ನನ್ನ ಅಂಗೈ ಕೆಳಗಿನ ಮರ ತಣ್ಣಗಾಯಿತು. ದಿನವಿಡೀ ನೀವು ಸವರಿ ಬೆಚ್ಚಗಿದ್ದ ಸಾಗವಾನಿ, ಚಳಿಗಾಲದ ಕಬ್ಬಿಣದಂತೆ ಕೊರೆಯಿತು. ಕೈ ಕಿತ್ತುಕೊಂಡೆ. ನೀವು ನಕ್ಕು, "ನೆನಪಾತೇನು? ತಣ್ಣಗಿತ್ತೇನು ಅದು?" ಎಂದಿರಿ. ತಣ್ಣಗಿತ್ತು ಎಂದೆ. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.

ನಾನು ತಂದಿದ್ದ ಉಳಿಯಿಂದಲೇ ನೀವು ಕೆತ್ತಲು ಕೂತಿರಿ. ಹೊಸ ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ ಎಂದು ಹೊಗಳಿದಿರಿ. ಎಂಟು ತಿಂಗಳ ದುಂಡುತನ ಅರ್ಧ ತಾಸಿನಲ್ಲಿ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. "ಇಷ್ಟ ಸಾಕೇನು?" ಎಂದು ಕೇಳಿದಿರಿ. ಸಾಕ್ರಿ, ಎಂದೆ. ಚಹಾ ಕುಡಿದೆ. ಹಾವೇರಿಯ ನನ್ನ ಮನೆಗೆ ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಬಂದಾಗ ನೀವು ಹೊಸ್ತಿಲ ಮೇಲೆ ಕುಳಿತಿದ್ದಿರಿ. ಕೆತ್ತನೆಯ ಸುರುಳಿಗಳನ್ನು ಯಾರೂ ಗುಡಿಸಿರಲಿಲ್ಲ. ನಾನು ಪೇಪರು ಬಿಡಿಸಿದೆ. ಇದ್ದಕ್ಕಿದ್ದ ಹಾಗೆ ನೀವು ತಲೆ ಎತ್ತಿ, ಹಳಿ ಇರುವ ಕಡೆಗಲ್ಲ, ಮನೆಯ ಒಳಗಡೆಗೆ ಕಿವಿ ಕೊಟ್ಟು, ಎರಡೂ ಕೈಯಿಂದ ಹೊಸ್ತಿಲು ಹಿಡಿದುಕೊಂಡಿರಿ.

"ಕೇಳ್ತೇನು?"

"ಏನ್ರಿ?"

"ಸುರಂಗದಿಂದ ಹೊರಗ ಬಂದಂಗ. ಧಡ್ ಅಂತ."

ನನಗೆ ಏನೂ ಕೇಳಲಿಲ್ಲ. ಆದರೆ ಕಿವಿ ಗಪ್ಪೆಂದು ಕಟ್ಟಿತು, ಮುಚ್ಚಿದ ಕೋಣೆಯಲ್ಲಿ ದೊಡ್ಡ ಬಾಗಿಲು ಹಾಕಿದಾಗ ಆಗುವ ಹಾಗೆ. ನೆಲದ ಮೇಲಿನ ಸುರುಳಿಗಳೆಲ್ಲ ಒಟ್ಟಿಗೆ ಬಾಗಿಲ ಕಡೆ ಒಂದು ಗೇಣು ಸರಿದವು. ಫ್ಯಾನು ನಿಂತಿತ್ತು. ಓಣಿಯ ಬೇವಿನ ಗಿಡದ ಒಂದೆಲೆಯೂ ಅಲುಗಿರಲಿಲ್ಲ. ಆಮೇಲೆ ಸುರುಳಿಗಳು ಮೆಲ್ಲಗೆ ತಮ್ಮ ಜಾಗಕ್ಕೆ ಬಂದವು.

ಗಂಗವ್ವತ್ತೆ ನನ್ನನ್ನು ಅಡಿಗೆ ಮನೆಗೆ ಕರೆದು ಪಿಸುಗುಟ್ಟಿದಳು: "ನೀ ಬಂದು ಹೋದ ದಿನದಿಂದ ಹಿಂಗವಾ. ದಿನಾ ಮೂರಕ್ಕ ಬೆದರ್ತಾರ. ಬ್ಯಾಡಗ್ಯಾಗ ಎಲ್ಲೈತಿ ಸುರಂಗ?"

ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ವರ್ಷ ಒಂದಲ್ಲ ಎರಡಲ್ಲ. ಯಾವ ಊರಿನಲ್ಲೂ ಗಾಳಿ ತಡೆಯಬಾರದ ಮೂಗು ನಿಮ್ಮ ಮನೆಯಲ್ಲಿ ದಿನಾ ಮೂರಕ್ಕೆ ತಡೆಯುತ್ತಿತ್ತು. ನೀವು ಯಾರನ್ನೂ ಬಯ್ಯಲಿಲ್ಲ. ಒಂದು ದಿನ ಮಾತ್ರ ನನ್ನ ಹೆಸರು ಹಿಡಿದು ಗಂಗವ್ವತ್ತೆಗೆ ಮೆತ್ತಗೆ ಹೇಳಿದಿರಿ: "ಮೂಗು ತಪ್ಪೈತಿ. ಸುಮಿ ಕೈ ಖರೇನ ಹೇಳ್ಯದ. ನನ್ನ ಕೈಗೆ ತಿಳೀಲಿಲ್ಲ. ಕಣ್ಣು ಹೋತು, ಹಿಂದಿನಿಂದ ಕೈನೂ ಹೋತು." ಆ ವಾರವೇ ನಿಮ್ಮ ಹಳೆಯ ಉಳಿ, ಗರಗಸ, ಕೊಡತಿ, ಎಲ್ಲವನ್ನೂ ಅಗಡಿಯ ಬಡಿಗೇರನಿಗೆ ಕೊಟ್ಟುಬಿಟ್ಟಿರಿ. ಒಂದನ್ನು ಇಟ್ಟುಕೊಂಡಿರಿ — ನಾನು ತಂದದ್ದನ್ನು. ಅದನ್ನು ಅರಿವೆಯಲ್ಲಿ ಸುತ್ತಿ ಗೂಟಕ್ಕೆ ನೇತುಹಾಕಿದಿರಿ. ಮರದ ಗಾಡಿಯ ಮೇಲೆ ಗಂಗವ್ವತ್ತೆಯ ಹಳೆ ಸೀರೆ ಹೊದಿಸಿ ಮೂಲೆಗೆ ಸರಿಸಿದಿರಿ.

ಆಗಲೂ ಹೇಳಲಿಲ್ಲ. ಈಗ ನಮ್ಮ ಹಳಿಯ ಮೇಲೂ ಮೂಗು ಚೂಪಾದ ಬಿಳಿ ಗಾಡಿ ಓಡುತ್ತದೆ, ಬ್ಯಾಡಗಿಯಲ್ಲಿ ನಿಲ್ಲದೆ ಹೋಗುತ್ತದೆ. ಅದರ ಗಾಳಿಯೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅದು ಹೋಗುವ ಹೊತ್ತೇ ಬೇರೆ. ಅದೂ ಅಲ್ಲದೆ ಆ ಗಾಡಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ನೀವು ಬೆದರುತ್ತಿದ್ದಿರಿ.

ಒಂದು ಸಲ ನೀವಿಬ್ಬರೂ ಕಣ್ಣಿನ ದವಾಖಾನೆಗೆ ಹೋಗಿದ್ದಾಗ ಮನೆ ಕಾಯಲು ನಾನೊಬ್ಬಳೇ ಕೂತಿದ್ದೆ. ಮೂರಕ್ಕೆ ಐದು ನಿಮಿಷ ಇರುವಾಗ ಯಾಕೋ ಎದ್ದು ಹೋಗಿ ಸೀರೆ ಸರಿಸಿದೆ. ನಾನು ಚಪ್ಪಟೆ ಮಾಡಿಸಿದ ಜಾಗದಲ್ಲಿ ಕೈ ಇಟ್ಟೆ. ಆಗ ಕೇಳಿತು, ಮಾಮಾ. ಧಡ್ ಎಂದು. ದೂರದಿಂದಲ್ಲ — ಅಂಗೈ ಕೆಳಗಿಂದ, ಮರದ ಒಳಗಿಂದ. ಗೋಡೆಯ ಕ್ಯಾಲೆಂಡರು ಒಮ್ಮೆ ಎದ್ದು ಬಿತ್ತು. ಬಾಗಿಲು ತೆರೆದಿಟ್ಟೇ ಓಡಿ ಹೊರಗೆ ನಿಂತೆ, ನೀವು ಬರುವವರೆಗೆ ಒಳಗೆ ಹೋಗಲಿಲ್ಲ. ಹೊರಗ್ಯಾಕ ನಿಂತೀದಿ ಎಂದು ಕೇಳಿದ್ದಕ್ಕೆ ಸೆಕೆ ಎಂದೆ. ನೋಡಿ, ಅದೂ ಸುಳ್ಳು.

ಕಳೆದ ವರ್ಷ ಕಂಪನಿ ಮತ್ತೆ ಕಳಿಸಿತು. ಈ ಸಲ ಯಾರ ನಗೆಗೂ ಕಾಯದೆ ಒಬ್ಬಳೇ ಹೊರಟೆ. ಗಾಡಿಗಳನ್ನು ಕಡಿಮೆ ಮಾಡುವಾಗ ಒಂದರ ಮೂತಿಯನ್ನು ಹಳೆಯ ರೈಲುಗಳ ಸಂಗ್ರಹಾಲಯದಲ್ಲಿ ಉಳಿಸಿದ್ದಾರೆ. ಮುಟ್ಟಬಾರದು ಎಂಬ ಫಲಕ ಇತ್ತೋ ಇಲ್ಲವೋ, ನಾನು ನೋಡಲಿಲ್ಲ. ಕಣ್ಣು ಮುಚ್ಚಿ ಅಂಗೈ ಇಟ್ಟೆ.

ಕೈ ತಾನೇ ಜಾರಿತು. ಹೊಸದಲ್ಲ ಆ ಜಾರು — ನನ್ನ ಕೈಗೆ ಅದು ಗೊತ್ತಿತ್ತು. ನಿಮ್ಮ ಪಡಸಾಲೆಯಲ್ಲಿ, ಕೆತ್ತನೆ ಮುಗಿದ ದಿನ, ಅದೇ ಜಾರು. ತಳಭಾಗಕ್ಕೆ ಬಂದೆ. ಅಲ್ಲಿ ಒಂದಿಷ್ಟು ಚಪ್ಪಟೆ ಇದ್ದೀತೇ ಎಂದು ಹುಡುಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇರಲಿ ದೇವರೇ ಎಂದು ಬೇಡಿಕೊಂಡೆ. ಇರಲಿಲ್ಲ. ದುಂಡಗಿತ್ತು. ನೀವು ಗಳಗನಾಥದ ಒಂದು ಹಕ್ಕಿಯನ್ನು ನೋಡಿ ಮಾಡಿದ ದುಂಡಗೆ.

ಅವತ್ತೇ ಆ ಗಾಡಿಯಲ್ಲೂ ಕೂತೆ. ಪ್ರತಿ ನಿಲ್ದಾಣದಲ್ಲೂ ನಿಂತು, ಹಿಂದಿನಿಂದ ಬರುವ ಹೊಸ ಗಾಡಿಗಳಿಗೆ ದಾರಿ ಬಿಡುತ್ತ ಅದು ಹೋಗುತ್ತಿತ್ತು. ಗೋಡೆ ಒಳಕ್ಕೆ ಬಾಗಿ ಭುಜಕ್ಕೆ ತಗಲುತ್ತಿತ್ತು. ಸುರಂಗ ಬಂತು. ಕಿವಿ ಮುಚ್ಚಿಕೊಂಡೆ, ಹಲ್ಲು ಕಚ್ಚಿದೆ. ಏನೂ ಆಗಲಿಲ್ಲ. ಕತ್ತಲೆ ಬಂತು, ಹೋಯಿತು, ಹೊಲ ಕಂಡವು. ನಾನು ಅಳುತ್ತಿದ್ದೆನೇನೋ, ಪಕ್ಕದ ಅಜ್ಜಿ ಏನೂ ಕೇಳದೆ ಒಂದು ಕಾಗದದ ಕರವಸ್ತ್ರ ಕೊಟ್ಟಳು.

ಊರಿಗೆ ಬಂದ ಮೇಲಾದರೂ ಹೇಳಬೇಕಿತ್ತು. ಪ್ರತಿ ಭಾನುವಾರ ಬಂದೆ, ಪೇಪರು ಓದಿದೆ, ಹೋದೆ. ಈಗ ರಜೆಯ ದಿನ ಹಾವೇರಿಯ ನನ್ನ ಮನೆಯಲ್ಲಿ ಕೂತಿದ್ದರೂ ಮೂರಕ್ಕೆ ಕಿವಿ ಕಟ್ಟುತ್ತದೆ. ಮೇಜಿನ ಮೇಲಿನ ಹಾಳೆಗಳು ಬಾಗಿಲ ಕಡೆ ಸರಿಯುತ್ತವೆ. ಈ ಹಾಳೆಯೂ ಸರಿಯಿತು — ಮೊಣಕೈಯಿಂದ ಒತ್ತಿ ಹಿಡಿದು ಬರೆದೆ.

ಹೋದ ವಾರ ನೀವು ಕೇಳಿದಿರಿ: "ಆ ಗಾಡಿ ಪೂರಾ ನಿಲ್ಲಸ್ತಾರಂತ, ಹೌದೇನು?"

"ಹೌದ್ರಿ. ಇನ್ನ ಭಾಳ ದಿನ ಓಡಂಗಿಲ್ಲ."

"ಹಂಗಾರ ನಂದೂ ಬರೋ ಐತವಾರ ನೀರೊಲಿಗೆ ಹಾಕವಾ ಗಂಗಾ. ತಪ್ಪು ಮೂಗಿನ ಗಾಡಿ ಇಟ್ಟು ಯಾರಿಗೆ ತೋರ್ಸೋದೈತಿ?"

ಗಂಗವ್ವತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಪೇಪರಿನ ಮುಂದಿನ ಪುಟ ತಿರುವಿದೆ.

ನಾಳೆ ಭಾನುವಾರ, ನೀವು ಹೇಳಿದ ಐತವಾರ. ನಿಮಗೆ ಇದನ್ನು ಓದಲಾಗದು. ಗಂಗವ್ವತ್ತೆಗೆ ಅಕ್ಷರ ಬಾರದು. ಬೇರೆಯವರಿಂದ ಓದಿಸಿದರೆ ಅದು ಇನ್ನೊಂದು ಹೇಡಿತನ. ಆ ಗಾಡಿಯ ಹುಟ್ಟು, ಓಟ, ಇಳಿಗಾಲ ಎಲ್ಲವನ್ನೂ ಓದಿ ಹೇಳಿದವಳು ನಾನು. ಇದನ್ನೂ ನಾನೇ ಓದುತ್ತೇನೆ, ಒಲೆ ಹೊತ್ತುವ ಮೊದಲು, ಹೊಸ್ತಿಲಲ್ಲಿ ನಿಮ್ಮ ಎದುರು ಕುಳಿತು. 'ಹುಚ್ಚ' ಎಂಬ ಮಾತನ್ನು ನುಂಗದೆ ಓದುತ್ತೇನೆ. ನಡುವೆ ಮೂರಾದರೆ ಆಗಲಿ. ಸದ್ದು ಬಂದರೆ ಅದು ನಿಮ್ಮ ಮರದ್ದಲ್ಲ, ನನ್ನದು ಎಂದು ಹೇಳುತ್ತೇನೆ.

ಇಷ್ಟು ಕೇಳಿದ ಮೇಲೆ ನೀವು ನನ್ನನ್ನು ಎದ್ದು ಹೋಗು ಎಂದರೆ ಹೋಗುತ್ತೇನೆ. ಕೆತ್ತಿ ಬಿದ್ದ ಮರವನ್ನು ನಾನು ಮತ್ತೆ ಅಂಟಿಸಲಾರೆ. ಹದಿನಾಲ್ಕು ವರ್ಷದ ಮೂರು ಗಂಟೆಗಳನ್ನು ತಿರುಗಿ ಕೊಡಲಾರೆ. ಗೂಟದ ಮೇಲಿನ ಆ ಉಳಿಯನ್ನು ಬೇಕಾದರೆ ಬಾವಿಗೆ ಎಸೆಯಿರಿ. ಗಂಗವ್ವತ್ತೆ, ನೀ ಮಾತ್ರ ಗಾಡಿ ಒಲೆಗೆ ಹಾಕಬ್ಯಾಡ.

ಮಾಮಾ, ನಿಮ್ಮ ಕೈ ತಪ್ಪಿರಲಿಲ್ಲ. ನನ್ನ ಕೈ ಸುಳ್ಳು ಹೇಳಿತ್ತು.